ಅವ್ವನ ಬೆರಳು ಸರಿಯಾಗೇ ಇತ್ತು: ಅಪ್‌ಡೇಟ್ ಆದ ಮೇಲೆ ಕಾಣೆಯಾಗುವ ಡ್ರೈವರ್‌ಗಳ ಕಥೆ

ಜುಲೈ ಕೊನೆಯ ವಾರ. ಮುದಗಲ್ಲಿನ ಒಂದು ಆನ್‌ಲೈನ್ ಸೆಂಟರ್ ಮುಂದೆ ಮುಂಜಾನೆ ಒಂಬತ್ತಕ್ಕೇ ಮಂದಿ ಪಾಳಿ ಹಚ್ಚಿದ್ದರು. ತೊಗರಿಗೆ ಬೆಳೆ ವಿಮೆ ತುಂಬುವವರು ಕೆಲವರು, ಪಿಂಚಣಿ ರೊಕ್ಕ ಬಿಡಿಸಿಕೊಳ್ಳಲು ಬಂದ ವಯಸ್ಸಾದವರು ಕೆಲವರು. ನಾನು ಹೋಗಿದ್ದು ಒಂದು ಪಹಣಿ ಪ್ರಿಂಟ್ ತೆಗೆಸಲು.

"ಅವ್ವಾ, ಬೆರಳು ಒರೆಸಿ ಮತ್ತೊಮ್ಮೆ ಇಡು."

"ಇಟ್ಟೀನಪ್ಪಾ."

"ಬರವಲ್ದು. ನಿನ್ನ ಬೆರಳಿನ ಗೆರಿ ಸವದಾವ. ನಾಳೆ ಬಾ."

ಆ ಅವ್ವ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡಳು. ಕಳೆ ಕಿತ್ತು, ಹತ್ತಿ ಬಿಡಿಸಿ ಒರಟಾದ ಬೆರಳು. ತಪ್ಪು ತನ್ನದೇ ಎನ್ನುವ ಹಾಗೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಹೊರಗೆ ಹೋದಳು. ಅವಳ ಹಿಂದೆ ನಿಂತಿದ್ದ ಕಾಲೇಜು ಹುಡುಗನ ಬೆರಳೂ ಬರಲಿಲ್ಲ. ಅವನ ಹಿಂದಿನವರದೂ ಬರಲಿಲ್ಲ. ನನ್ನ ಪಹಣಿಯ ಸರದಿ ಬಂದಾಗ ಪ್ರಿಂಟರ್ ಕೂಡ ಉಸಿರೆತ್ತಲಿಲ್ಲ.

"ರಾತ್ರಿ ಅಪ್‌ಡೇಟ್ ಅಂತ ತಾನ ತಿರುಗಕತ್ತಿತ್ತು ನೋಡ್ರಿ. ಮುಂಜಾನೆ ಬಂದು ನೋಡಿದ್ರ ಸ್ಕ್ರೀನ್ ಎಲ್ಲಾ ಹೊಸಾದಾಗೈತಿ," ಎಂದ ಸೆಂಟರ್‌ನ ಅಣ್ಣ.

ಆಗ ಗೊತ್ತಾಯಿತು. ಕೆಟ್ಟಿದ್ದು ಬೆರಳಲ್ಲ. ಬೆರಳಿನ ಯಂತ್ರವೂ ಅಲ್ಲ, ಪ್ರಿಂಟರ್ರೂ ಅಲ್ಲ. ರಾತ್ರೋರಾತ್ರಿ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಬದಲಾಗಿತ್ತು. ಹಳೆಯ ಡ್ರೈವರ್‌ಗಳು ಅದಕ್ಕೆ ಹೊಂದಲಿಲ್ಲ. ಅಷ್ಟರಲ್ಲಿ ಆ ಅವ್ವ ಟಂಟಂ ಹತ್ತಿ ಊರಿಗೆ ಹೋಗಿಬಿಟ್ಟಿದ್ದಳು.

ಈ ತೊಂದರೆ ಒಂದು ಅಂಗಡಿಯದಲ್ಲ, ಒಂದು ದಿನದ್ದೂ ಅಲ್ಲ. ಇದಕ್ಕೆ ನಲವತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಡ್ರೈವರ್ ಎಂದರೆ ದುಭಾಷಿ

ಕಂಪ್ಯೂಟರಿನಲ್ಲಿ ಡ್ರೈವರ್ ಎಂದರೆ ಗಾಡಿ ಓಡಿಸುವವನಲ್ಲ. ಅದೊಂದು ಸಣ್ಣ ಪ್ರೋಗ್ರಾಂ. ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಂಗೆ ಪ್ರಿಂಟರಿನ ಭಾಷೆ ಬರುವುದಿಲ್ಲ, ಪ್ರಿಂಟರಿಗೆ ವಿಂಡೋಸ್ ಭಾಷೆ ಬರುವುದಿಲ್ಲ. ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ತಿಳಿಸುವ ದುಭಾಷಿಯೇ ಡ್ರೈವರ್. ಪ್ರತಿ ಯಂತ್ರಕ್ಕೂ ಅದರದೇ ದುಭಾಷಿ ಬೇಕು.

ಮುದಗಲ್ಲಿನವರಿಗೆ ಇದು ಹೊಸ ಮಾತೇನಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ದೋಆಬ್ ಸೀಮೆಗಾಗಿ ವಿಜಯನಗರದವರೂ ಬಹಮನಿಗಳೂ ಬಡಿದಾಡಿದರು. ನಮ್ಮ ಕೋಟೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು, ಮುಂದೆ ಹೈದರಾಬಾದಿನ ನಿಜಾಮರು. ಆಳುವವರು ಬದಲಾದರೂ ಹೊಲ ಅದೇ, ಉಳುವವನು ಅವನೇ. ಬದಲಾಗುತ್ತಿದ್ದದ್ದು ಕಚೇರಿಯ ಭಾಷೆ.

ನಿಜಾಮರ ಆಡಳಿತ ಮೊದಲು ಫಾರಸಿಯಲ್ಲಿ ನಡೆಯುತ್ತಿತ್ತು. 1880ರ ದಶಕದಲ್ಲಿ ಉರ್ದು ಬಂತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ರಾಜ್ಯದೊಳಗೆ ಬಂದು, ಕಾಲಕ್ರಮೇಣ ಕಚೇರಿಯೂ ಕನ್ನಡವಾಯಿತು. ಅಷ್ಟರಲ್ಲಿ ಉರ್ದು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾದರು. ಇವತ್ತಿಗೂ ಮುತ್ತಜ್ಜನ ಕಾಲದ ಹೊಲದ ಕಾಗದ ಕೈಯಲ್ಲಿ ಹಿಡಿದು, ಉರ್ದು ಓದುವವರನ್ನು ಹುಡುಕುತ್ತಾ ಅಲೆಯುವ ಮನೆತನಗಳು ನಮ್ಮ ಭಾಗದಲ್ಲಿವೆ. ಕಾಗದ ಕೆಟ್ಟಿಲ್ಲ, ಹೊಲ ಎಲ್ಲಿಗೂ ಹೋಗಿಲ್ಲ. ನಡುವಿನ ದುಭಾಷಿ ಇಲ್ಲ, ಅಷ್ಟೆ. ಆದರೆ ಅಲೆಯುವವನು ಮಾತ್ರ ರೈತ.

ಕಂಪ್ಯೂಟರಿನಲ್ಲಿ ಆಗುವುದೂ ಇದೇ.

ಕನ್ನಡಕ್ಕೇ ಒಂದು ಕಾರ್ಡು ಬೇಕಿದ್ದ ಕಾಲ

1980ರ ದಶಕದಲ್ಲಿ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಇತ್ತು. ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರ. ಆಗ ಎಲ್ಲರಿಗೂ ಸೇರಿ ಒಬ್ಬ ದುಭಾಷಿ ಎಂಬುದು ಇರಲಿಲ್ಲ. ಪತ್ರ ಬರೆಯುವ ಪ್ರೋಗ್ರಾಂ ತನ್ನದೇ ಪ್ರಿಂಟರ್ ಡ್ರೈವರ್ ತರಬೇಕು, ಲೆಕ್ಕದ ಪ್ರೋಗ್ರಾಂ ತನ್ನದು ತರಬೇಕು. ಒಂದರಲ್ಲಿ ಪ್ರಿಂಟ್ ಬಂದರೆ ಇನ್ನೊಂದರಲ್ಲಿ ಬರುತ್ತದೆ ಎಂಬ ಭರವಸೆ ಇರಲಿಲ್ಲ.

ಆ ಯಂತ್ರಗಳಿಗೆ ಕನ್ನಡವಂತೂ ಗೊತ್ತೇ ಇರಲಿಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಎಂಬ ತಂತ್ರಜ್ಞಾನ ಅದಕ್ಕೊಂದು ದಾರಿ ಮಾಡಿತು. ಕಂಪ್ಯೂಟರಿನ ಒಳಗೆ ಒಂದು ಕಾರ್ಡು ಸಿಕ್ಕಿಸಿದರೆ ಪರದೆಯ ಮೇಲೆ ಭಾರತದ ಭಾಷೆಗಳು ಮೂಡುತ್ತಿದ್ದವು. ಡಾಸ್ ಹೋಗಿ ವಿಂಡೋಸ್ ಬಂದಾಗ ಆ ಕಾರ್ಡಿನ ಕಾಲವೂ ಮುಗಿಯಿತು. ಕಾರ್ಡು ಸುಟ್ಟುಹೋಗಿರಲಿಲ್ಲ, ಅದರೊಂದಿಗೆ ಮಾತಾಡುವವರು ಉಳಿಯಲಿಲ್ಲ.

ಮುಂದೆ ಬರಹ, ನುಡಿ ಬಂದವು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ನಾವು ಒತ್ತುವ ಇಂಗ್ಲಿಷ್ ಕೀಲಿಯನ್ನು ಕನ್ನಡ ಅಕ್ಷರವಾಗಿ ತಿರುಗಿಸುವ ಇಂಥ ತಂತ್ರಾಂಶವೂ ಒಂದು ಬಗೆಯ ದುಭಾಷಿಯೇ. ನುಡಿಯ ಹಳೆ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದಲ್ಲ, ಅದಕ್ಕೂ ಕಾರಣ ಇದೇ.

ಯಜಮಾನನ ಮುಂದೆಯೇ ಕೈಕೊಟ್ಟ ಸ್ಕ್ಯಾನರ್

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಒಂದು ದೊಡ್ಡ ಆಸೆ ತೋರಿಸಿತು. ಯಂತ್ರವನ್ನು ಸಿಕ್ಕಿಸಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂಬ ಮಾತು. ಅದನ್ನು ಪ್ಲಗ್ ಆಂಡ್ ಪ್ಲೇ ಎಂದು ಕರೆದರು.

1998ರ ಏಪ್ರಿಲ್ 20ರಂದು ಅಮೆರಿಕದ ಚಿಕಾಗೋದಲ್ಲಿ ಬಿಲ್ ಗೇಟ್ಸ್ ಸಾವಿರಾರು ಜನರ ಮುಂದೆ ವಿಂಡೋಸ್ 98 ತೋರಿಸುತ್ತಿದ್ದರು. ಅವರ ಸಹಾಯಕ ಒಂದು ಸ್ಕ್ಯಾನರಿನ ವೈರ್ ಸಿಕ್ಕಿಸಿದ. ಪರದೆ ನೀಲಿಯಾಗಿ ಕಂಪ್ಯೂಟರ್ ನಿಂತೇಹೋಯಿತು. ಸಭೆಯೆಲ್ಲ ನಕ್ಕಿತು. ಇದಕ್ಕೇ ಇರಬೇಕು ನಾವು ಇದನ್ನಿನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಎಂದು ಗೇಟ್ಸ್ ಕೂಡ ನಕ್ಕರು. ಜಗತ್ತಿನ ದೊಡ್ಡ ಸಾಹುಕಾರನ ವೇದಿಕೆಯಲ್ಲೇ ಸ್ಕ್ಯಾನರ್ ಕೈಕೊಟ್ಟಿತು. ಅಲ್ಲಿ ಯಾರೂ ಅವರ ಬೆರಳಿನ ಮೇಲೆ ತಪ್ಪು ಹೊರಿಸಲಿಲ್ಲ.

ಭೂಮಿ ಬಂತು, ಎಕ್ಸ್‌ಪಿ ಬಂತು

ಕಂಪ್ಯೂಟರ್ ನಮ್ಮ ಹೊಲದ ಬದುವಿನವರೆಗೆ ಬಂದದ್ದು ಭೂಮಿ ಯೋಜನೆಯಿಂದ. ಕರ್ನಾಟಕ ಸರ್ಕಾರಕ್ಕಾಗಿ ಎನ್‌ಐಸಿ ಇದರ ತಂತ್ರಾಂಶ ರೂಪಿಸಿತು. 2002ರ ಹೊತ್ತಿಗೆ ಆಗಿನ 177 ತಾಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋಗಿದ್ದವು. 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟ್. ಕೈಬರಹದ ಪಹಣಿಗೆ ಬೆಲೆ ಹೋಯಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ಏರ್ಪಾಡೂ ಅದರಲ್ಲಿತ್ತು. ಅಂದರೆ ಬೆರಳಿನ ಯಂತ್ರ ನಮ್ಮ ತಾಲೂಕು ಕಚೇರಿಗಳನ್ನು ಹೊಕ್ಕಿದ್ದು ಆಧಾರ್‌ಗಿಂತ ಬಹಳ ಮೊದಲೇ.

ಒಂದು ಮಾತು ಗಮನಿಸಿ. ಕೈಬರಹದ ಪಹಣಿ ಇದ್ದಾಗ ಪೆನ್ನು ಕೈಕೊಟ್ಟರೆ ಇನ್ನೊಂದು ಪೆನ್ನು ಸಿಗುತ್ತಿತ್ತು. ಕಂಪ್ಯೂಟರ್ ಪಹಣಿ ಮಾತ್ರ ನಡೆಯುತ್ತದೆ ಎಂದಾದ ದಿನದಿಂದ ಪ್ರಿಂಟರ್ ನಿಂತರೆ ಪಹಣಿಯೇ ನಿಂತಂತೆ. ಪಟವಾರಿಯ ಮರ್ಜಿ ತಪ್ಪಿತು, ಅದು ದೊಡ್ಡ ಲಾಭ. ಅದರ ಜೊತೆಗೆ ಡ್ರೈವರಿನ ಮರ್ಜಿ ಶುರುವಾಯಿತು.

ಅದೇ ಹೊತ್ತಿಗೆ, 2001ರ ಅಕ್ಟೋಬರ್ 25ರಂದು ವಿಂಡೋಸ್ ಎಕ್ಸ್‌ಪಿ ಬಂತು. ಡಾಸ್‌ನ ತಳಪಾಯ ಬಿಟ್ಟು ಬೇರೆ ತಳಪಾಯದ ಮೇಲೆ ಮನೆ ಬಳಕೆಯ ವಿಂಡೋಸ್ ನಿಂತಿತು. 95 ಮತ್ತು 98ಕ್ಕೆ ಬರೆದ ಎಷ್ಟೋ ಹಳೆ ಡ್ರೈವರ್‌ಗಳು ಇಲ್ಲಿ ನಡೆಯಲಿಲ್ಲ. ಕನ್ನಡಕ್ಕೆ ಮಾತ್ರ ಒಂದು ಒಳ್ಳೆಯದಾಯಿತು. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಒಳಗೇ ಇತ್ತು. ಕಾರ್ಡು ಸಿಕ್ಕಿಸುವ ಕಾಲದಿಂದ ಇಲ್ಲಿಗೆ ಬಂದೆವು.

ವಿಸ್ತಾ ಕಲಿಸಿದ ಪಾಠ

ಡ್ರೈವರ್ ತಾಪತ್ರಯಕ್ಕೆ ಹೆಸರಾದದ್ದು 2007ರ ಜನವರಿ 30ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ. ಚಿತ್ರ, ಧ್ವನಿಗಳ ಡ್ರೈವರ್ ಬರೆಯುವ ಪದ್ಧತಿಯನ್ನೇ ಅದು ಬದಲಿಸಿತು. 64 ಬಿಟ್ ವಿಸ್ತಾದಲ್ಲಂತೂ ಆಪರೇಟಿಂಗ್ ಸಿಸ್ಟಂನ ಒಳಮನೆಗೆ ಹೋಗುವ ಡ್ರೈವರಿಗೆ ಡಿಜಿಟಲ್ ಸಹಿ ಕಡ್ಡಾಯವಾಯಿತು. ಮೊಹರು ಇಲ್ಲದವರನ್ನು ಕೋಟೆ ಬಾಗಿಲಲ್ಲೇ ತಡೆದ ಹಾಗೆ. ಕಳ್ಳರನ್ನು ತಡೆಯಲು ಇದು ಬೇಕಿತ್ತು. ಆದರೆ ಮೊಹರು ಮಾಡಿಸಿಕೊಳ್ಳದ ಹಳೆ ಪ್ರಿಂಟರ್, ಸ್ಕ್ಯಾನರ್‌ಗಳ ಪ್ರಾಮಾಣಿಕ ದುಭಾಷಿಗಳೂ ಹೊರಗೇ ಉಳಿದರು.

ಮುಂದೆ ಅಮೆರಿಕದ ಒಂದು ಕೋರ್ಟ್ ಪ್ರಕರಣದಲ್ಲಿ ಮೈಕ್ರೋಸಾಫ್ಟ್‌ನ ಒಳಗಿನ ಪತ್ರಗಳು 2008ರಲ್ಲಿ ಹೊರಬಂದವು. ಆ ಕಂಪನಿಯ ಹಿರಿಯ ಅಧಿಕಾರಿಯೊಬ್ಬರೇ, ವಿಸ್ತಾ ಬಿಡುಗಡೆಯಾದಾಗ ತಮ್ಮ ಮನೆಯ ಪ್ರಿಂಟರಿಗೆ ಡ್ರೈವರ್ ಸಿಗಲಿಲ್ಲ ಎಂದು ಬರೆದಿದ್ದರು. ಕಂಪನಿ ಲೆಕ್ಕಹಾಕಿದ್ದ ವಿಸ್ತಾ ಕುಸಿತಗಳಲ್ಲಿ ಸುಮಾರು ಶೇಕಡ 29ರಷ್ಟು ಒಂದೇ ಗ್ರಾಫಿಕ್ಸ್ ಕಂಪನಿಯ ಡ್ರೈವರ್‌ಗಳಿಂದ ಆಗಿದ್ದವು. ವಿಂಡೋಸ್ ಮಾಡಿದವರ ಮನೆಯಲ್ಲೇ ಹೀಗಿದ್ದರೆ ನಮ್ಮ ಅಂಗಡಿಯ ಅಣ್ಣನದೇನು ಕೇಳುತ್ತೀರಿ?

2009ರ ಅಕ್ಟೋಬರ್ 22ರಂದು ವಿಂಡೋಸ್ 7 ಬಂದಾಗ ಅಷ್ಟು ಗದ್ದಲ ಆಗಲಿಲ್ಲ. ಕಾರಣ ಸರಳ. ವಿಸ್ತಾಕ್ಕೆ ಬರೆದ ಡ್ರೈವರ್‌ಗಳಲ್ಲಿ ಬಹುಪಾಲು ಅದರಲ್ಲೂ ನಡೆದವು. ಆಡಳಿತ ಬದಲಾದರೂ ದುಭಾಷಿಯನ್ನು ಕೆಲಸದಿಂದ ತೆಗೆಯದಿದ್ದರೆ ಜನರಿಗೆ ತೊಂದರೆ ಕಡಿಮೆ. ವಿಸ್ತಾ ಮತ್ತು ವಿಂಡೋಸ್ 7ರ ನಡುವಿನ ಪಾಠ ಇಷ್ಟೇ.

ಬೀಗದ ಕೈ ಯಾರ ಬಳಿ?

ಇದಕ್ಕೂ ಮುಂಚಿನ ಒಂದು ಪ್ರಿಂಟರ್ ಜಗಳ ಇಲ್ಲಿ ನೆನೆಯಬೇಕು. 1980ರ ಆಸುಪಾಸು ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್, ಕಾಗದ ಸಿಕ್ಕಿಕೊಂಡಾಗ ಸುದ್ದಿ ಮುಟ್ಟಿಸುವಂತೆ ಅದರ ತಂತ್ರಾಂಶ ತಿದ್ದಲು ಹೊರಟರು. ಮೂಲ ಬರಹ ಕೊಡಲು ಬರುವುದಿಲ್ಲ ಎಂಬ ಉತ್ತರ ಬಂತು. ಆ ಸಿಟ್ಟೂ ಸೇರಿ 1983ರಲ್ಲಿ ಅವರು ಗ್ನೂ ಎಂಬ ಮುಕ್ತ ತಂತ್ರಾಂಶದ ಕೆಲಸ ಘೋಷಿಸಿದರು. 1991ರಲ್ಲಿ ಬಂದ ಲಿನಕ್ಸ್ ಅದರ ಜೊತೆ ಸೇರಿತು.

ನಮಗೆ ಇದರಿಂದ ಏನು? ಲಿನಕ್ಸ್‌ನಲ್ಲಿ ಬಹಳಷ್ಟು ಡ್ರೈವರ್‌ಗಳ ಮೂಲ ಬರಹ ಎಲ್ಲರಿಗೂ ತೆರೆದಿದೆ. ತಯಾರಿಸಿದ ಕಂಪನಿ ಕೈಬಿಟ್ಟ ಹಳೆ ಪ್ರಿಂಟರ್, ಸ್ಕ್ಯಾನರ್ ಕೂಡ ಅಲ್ಲಿ ಎಷ್ಟೋ ಸಲ ನಡೆಯುತ್ತವೆ. ಎಲ್ಲವೂ ನಡೆಯುತ್ತವೆ ಎಂದಲ್ಲ. ಆದರೆ ಮೂಚ್ಚಿದ ಡ್ರೈವರಿನಲ್ಲಿ ಕಂಪನಿ ಹೊಸದು ಬರೆಯಲಿಲ್ಲವೆಂದರೆ ಗಟ್ಟಿಮುಟ್ಟಾದ ಯಂತ್ರವೂ ಗುಜರಿಗೆ ಹೋಗಬೇಕು.

ಕೇಳದೆ ಬರುವ ಅಪ್‌ಡೇಟ್, ಕಡ್ಡಾಯವಾದ ಬೆರಳು

2015ರ ಜುಲೈ 29ರಂದು ಬಂದ ವಿಂಡೋಸ್ 10ರ ಹೊತ್ತಿಗೆ ಇನ್ನೊಂದು ಬದಲಾವಣೆ ಆಯಿತು. ಮೊದಲು ಹೊಸ ವಿಂಡೋಸ್ ಬೇಕೆಂದರೆ ಸಿಡಿ ತಂದು ನಾವೇ ಹಾಕಬೇಕಿತ್ತು. ಈಗ ಅಪ್‌ಡೇಟ್ ನೆಟ್ ಮೂಲಕ ತಾನಾಗಿಯೇ ಬರತೊಡಗಿತು. ರಕ್ಷಣೆಯ ದೃಷ್ಟಿಯಿಂದ ಅದು ಬೇಕು. ಆದರೆ ವಿಮೆಯ ಕೊನೆಯ ದಿನವೋ ಪಿಂಚಣಿಯ ಮೊದಲ ದಿನವೋ ಎಂದು ಅದು ನೋಡುವುದಿಲ್ಲ.

ಅದರ ಬೆನ್ನಿಗೇ 2017ರಲ್ಲಿ ಆಧಾರ್ ಪ್ರಾಧಿಕಾರ, ನೋಂದಾಯಿತ ಬೆರಳಚ್ಚು ಸಾಧನ ಮಾತ್ರ ಬಳಸಬೇಕೆಂಬ ಪದ್ಧತಿ ತಂದಿತು. ಯಾರದೋ ಬೆರಳಚ್ಚನ್ನು ಕೂಡಿಟ್ಟು ಮತ್ತೆ ಬಳಸುವ ಮೋಸ ತಡೆಯುವುದು ಅದರ ಉದ್ದೇಶ. ಇದಕ್ಕಾಗಿ ಡ್ರೈವರ್ ಜೊತೆ ಆರ್‌ಡಿ ಸರ್ವಿಸ್ ಎಂಬ ಇನ್ನೊಂದು ಪ್ರೋಗ್ರಾಂ ಸದಾ ನಡೆಯುತ್ತಿರಬೇಕು. ಆಮೇಲೆ ಎಲ್0 ಸಾಧನಗಳ ಜಾಗಕ್ಕೆ, ಯಂತ್ರದ ಒಳಗೇ ಬೆರಳಚ್ಚಿಗೆ ಬೀಗ ಹಾಕುವ ಎಲ್1 ಸಾಧನಗಳು ಬಂದವು. ಹೀಗೆ ಒಂದು ಬೆರಳು ಬ್ಯಾಂಕಿಗೆ ಮುಟ್ಟಬೇಕಾದರೆ ಯಂತ್ರ, ಡ್ರೈವರ್, ಆರ್‌ಡಿ ಸರ್ವಿಸ್, ವಿಂಡೋಸ್, ನೆಟ್ ಐದೂ ಸರಿಯಿರಬೇಕು. ಒಂದು ತಪ್ಪಿದರೂ ಕೌಂಟರಿನ ಈಚೆ ನಿಂತವರಿಗೆ ಕೇಳುವ ಮಾತು ಒಂದೇ: "ಬೆರಳು ಬರವಲ್ದು."

ಒಳಮನೆಯ ಪ್ರೋಗ್ರಾಂ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಕಡತವನ್ನು ಅದರದೇ ಡ್ರೈವರ್ ಓದಲು ಹೋಗಿ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಕೈಯಿಂದ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ವಿಮಾನ ಹತ್ತುವವರಿಗೆ ಆ ದಿನ ಕೈಬರಹ ನಡೆಯಿತು. ನಮ್ಮ ಅವ್ವನಿಗೆ ಏಕೆ ನಡೆಯಬಾರದು ಎಂಬ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈಗ ಏನು ಮಾಡಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಹೆಚ್ಚು ಹಳೆಯದಿರಬಾರದು. ಹಾಗಾಗಿ ನಮ್ಮ ಭಾಗದ ಸೆಂಟರ್‌ಗಳಲ್ಲಿ ಮತ್ತೊಂದು ಸುತ್ತಿನ ಬದಲಾವಣೆ ನಡೆಯುವುದೇ. ಸೆಂಟರ್ ನಡೆಸುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಇಷ್ಟು ನೆನಪಿಡಿ.

1. ದೊಡ್ಡ ಅಪ್‌ಡೇಟಿಗೆ ಮೊದಲು ಪ್ರಿಂಟರ್, ಬೆರಳಚ್ಚು ಯಂತ್ರದ ಅಡಿಯಲ್ಲಿರುವ ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. ಅವುಗಳ ಡ್ರೈವರನ್ನು ತಯಾರಿಸಿದ ಕಂಪನಿಯ ಜಾಲತಾಣದಿಂದಲೇ ಇಳಿಸಿ ಒಂದು ಪೆನ್‌ಡ್ರೈವ್‌ನಲ್ಲಿಡಿ.

2. ವಿಮೆ, ಅರ್ಜಿಗಳ ಕೊನೆಯ ವಾರದಲ್ಲಿ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಪಾಸ್ ಅಪ್‌ಡೇಟ್ಸ್ ಒತ್ತಿ. ಐದು ವಾರದವರೆಗೆ ತಡೆಹಿಡಿಯಬಹುದು. ಗದ್ದಲ ಮುಗಿದ ಮೇಲೆ ಮರೆಯದೆ ಬಿಟ್ಟುಬಿಡಿ.

3. ಅಪ್‌ಡೇಟ್ ಆಗಿ ಯಂತ್ರ ನಿಂತರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತು ಇದ್ದದ್ದೇ ದುಭಾಷಿ ಇಲ್ಲದ ಯಂತ್ರ. ಅದರ ಪ್ರಾಪರ್ಟೀಸ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಸಿಕ್ಕರೆ ಒತ್ತಿ, ಹಳೆ ಡ್ರೈವರ್ ವಾಪಸ್ ಬರುತ್ತದೆ. ಸಿಗದಿದ್ದರೆ ಆ ಯಂತ್ರವನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ಮರುಚಾಲನೆ ಮಾಡಿ, ಪೆನ್‌ಡ್ರೈವ್‌ನಲ್ಲಿರುವುದನ್ನು ಹಾಕಿ. 32 ಬಿಟ್ಟೋ 64 ಬಿಟ್ಟೋ ನೋಡಿಕೊಳ್ಳಿ.

4. ಬೆರಳಚ್ಚು ಯಂತ್ರದ ದೀಪ ಹತ್ತಿದರೂ ಬೆರಳು ಬಾರದಿದ್ದರೆ ಆರ್‌ಡಿ ಸರ್ವಿಸ್ ನಡೆಯುತ್ತಿದೆಯೇ, ಅದರ ಅವಧಿ ಮುಗಿದಿದೆಯೇ ನೋಡಿ. ಮೊದಲು ನಿಮ್ಮ ಬೆರಳಿಟ್ಟು ನೋಡಿ. ನಿಮ್ಮದೂ ಬಾರದಿದ್ದರೆ ಗಿರಾಕಿಯ ಬೆರಳನ್ನು ದೂರಬೇಡಿ.

5. ಏನೂ ಆಗದಿದ್ದರೆ ಸಾಮಾನ್ಯವಾಗಿ ಹತ್ತು ದಿನದೊಳಗೆ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ಹಳೆಯ ವಿಂಡೋಸ್‌ಗೇ ಮರಳಬಹುದು.

6. ಎಲ್ಲ ಡ್ರೈವರ್ ಒಂದೇ ಏಟಿಗೆ ಸರಿಮಾಡುತ್ತೇವೆ ಎನ್ನುವ ಅಪರಿಚಿತ ತಾಣ, ಫೋನ್ ಮಾಡಿ ನಿಮ್ಮ ಕಂಪ್ಯೂಟರ್ ನಮ್ಮ ಕೈಗೆ ಕೊಡಿ ಎನ್ನುವವರು, ಇಬ್ಬರನ್ನೂ ನಂಬಬೇಡಿ. ಆ ಕಂಪ್ಯೂಟರಿನಲ್ಲಿ ಊರಿನವರ ಆಧಾರ್ ವಿವರ ಇರುತ್ತದೆ.

ಪಾಳಿಯಲ್ಲಿ ನಿಲ್ಲುವ ನಮಗೂ ಒಂದು ಮಾತು. ಬೆರಳು ಬಾರದಿದ್ದರೆ ಸುಮ್ಮನೆ ಮನೆಗೆ ಹೋಗಬೇಡಿ. ನಿಮ್ಮ ಹಿಂದಿನವರದು ಬಂತೇ ಕೇಳಿ, ಯಾರದೂ ಬಂದಿಲ್ಲವೆಂದರೆ ದೋಷ ಯಂತ್ರದ ಕಡೆಯದು. ಬೆರಳಚ್ಚು ತಾಳೆಯಾಗದ ಕಾರಣಕ್ಕೆ ಪಡಿತರ ಮತ್ತಿತರ ಸೌಲಭ್ಯ ನಿರಾಕರಿಸಬಾರದು, ಬೇರೆ ದಾರಿ ಬಳಸಬೇಕು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರ ಸುತ್ತೋಲೆಯಲ್ಲಿ ಹೇಳಿದೆ. ಮೊಬೈಲಿಗೆ ಬರುವ ಒಟಿಪಿ, ಕಣ್ಣಿನ ಸ್ಕ್ಯಾನ್ ಇಂಥ ದಾರಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಮರುದಿನ

ಆ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಸೆಂಟರ್ ಅಣ್ಣ ಹಳೆ ಡ್ರೈವರ್ ತೆಗೆದು ಹೊಸದು ಹಾಕಿದ. ಪ್ರಿಂಟರ್ ಕರಕರ ಎಂದಿತು, ನನ್ನ ಪಹಣಿ ಬಂತು. ವಿಮೆ ತುಂಬುವವರ ಪಾಳಿ ಸಂಜೆವರೆಗೆ ನಡೆಯಿತು.

ಮರುದಿನ ಆ ಅವ್ವ ಮತ್ತೆ ಬಂದಿದ್ದಳಂತೆ. ಟಂಟಂಗೆ ಎರಡನೇ ಸಲ ರೊಕ್ಕ ಕೊಟ್ಟು, ಒಂದು ದಿನದ ಕೂಲಿ ಬಿಟ್ಟು. ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಬಂದಿದ್ದಳು ಎಂದು ಅಣ್ಣ ಫೋನಿನಲ್ಲಿ ಹೇಳಿದ. ಇಟ್ಟ ಮೊದಲ ಸಲಕ್ಕೇ ಬೆರಳು ಬಂತು.

"ಎಣ್ಣಿ ಹಚ್ಚಿದ್ದಕ್ಕ ಬಂತು ನೋಡಪ್ಪಾ," ಅಂದಳಂತೆ.

"ನೀ ಏನಂದಿ?" ಎಂದು ಕೇಳಿದೆ.

"ಏನನ್ಲಿ? ನಿನ್ನಿ ತಪ್ಪು ನಂದಿತ್ತವ್ವಾ, ನಿನ್ನ ಬೆರಳು ಸರಿ ಐತಿ ಅಂದೆ. ನಕ್ಕೋಂತ ಹೋದ್ಲು," ಎಂದ.